ಟ್ಯಾಗಿನ ಮೇಲೊಂದು ಟ್ಯಾಗ್

ಕಡೂರಿನ ಒಂದು ಫೈಬರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ಅಜ್ಜಂಪುರದ ನರ್ಸಿಂಗ್ ಹೋಮ್ ಒಂದರ ಲೈನ್ ನನ್ನ ಪಾಲಿಗೆ ಬಂತು. ಅಲ್ಲಿ ತೆಗೆದ ಎಕ್ಸ್‌ರೇ ತರೀಕೆರೆಯಲ್ಲಿ ಕೂರುವ ಅವರ ಮೂಳೆ ಡಾಕ್ಟರಮ್ಮನಿಗೆ ಆಗಿಂದಾಗಲೇ ಕಾಣಬೇಕಿತ್ತು.

ನಮ್ಮ ಫೈಬರ್ ಒಂದೇ. ಓಡುವ ಮಾಹಿತಿ ಹತ್ತಾರು ಜನರದು. ಒಬ್ಬರದು ಇನ್ನೊಬ್ಬರಿಗೆ ಹೋಗದಿರಲಿ ಅಂತ ಮಾಹಿತಿಯ ಪ್ರತಿ ತುಣುಕಿಗೂ, ಅಂದರೆ ಪ್ಯಾಕೆಟ್ಟಿಗೂ, ಒಂದು ಸಂಖ್ಯೆ ಹಾಕುತ್ತಾರೆ. ಅದೇ ವಿಲ್ಯಾನ್ ಟ್ಯಾಗ್. ನರ್ಸಿಂಗ್ ಹೋಮಿನವರು ಹತ್ತು ಅಂತ ಇಟ್ಟುಕೊಂಡಿದ್ದರು, ಅದೇ ಲೈನಿನ ತೆಂಗು ಬೆಳೆಗಾರರ ಸಂಘದ್ದೂ ಹತ್ತೇ! ಯಾರಿಗೂ ಬದಲಾಯಿಸಿ ಅನ್ನದೆ, ಅವರವರ ಟ್ಯಾಗಿನ ಮೇಲೆ ನಮ್ಮದೇ ಬೇರೆ ಬೇರೆ ಟ್ಯಾಗ್ ಹಾಕಿದೆ. ದಾರಿಯಲ್ಲಿ ಪ್ಯಾಕೆಟ್ಟುಗಳನ್ನು ಮುಂದಕ್ಕೆ ದಾಟಿಸುವ ಸ್ವಿಚ್‌ ಪೆಟ್ಟಿಗೆಗಳು ಮೇಲಿನದನ್ನಷ್ಟೇ ನೋಡುತ್ತವೆ. ಕೊನೆಯ ಸ್ವಿಚ್ ಅದನ್ನು ತೆಗೆದು, ಒಳಗಿನದನ್ನು ಇದ್ದಹಾಗೇ ಒಪ್ಪಿಸುತ್ತದೆ.

ಲೈನ್ ಶುರು ಮಾಡಿದ ದಿನ ನಾನು ನರ್ಸಿಂಗ್ ಹೋಮಿನಲ್ಲೇ ಇದ್ದಾಗ ಅಂತರಘಟ್ಟೆ ಕಡೆಯ ಅಜ್ಜಿಯೊಬ್ಬರನ್ನು ಕರೆತಂದರು. ಜಾರಿ ಬಿದ್ದು ಸೊಂಟ ಹಿಡಿದುಕೊಂಡಿದ್ದರು. ಎಕ್ಸ್‌ರೇ ಆಯಿತು. ತರೀಕೆರೆಯಿಂದ ಡಾಕ್ಟರಮ್ಮನ ಫೋನ್:

"ಪೇಷೆಂಟ್ ಹೆಸರು ಬಂತು ಕಣಮ್ಮ, ಚಿತ್ರ ಮಾತ್ರ ಬರ್ತಿಲ್ಲ."

ಕಡೂರಿನಲ್ಲಿದ್ದ ನನ್ನ ಸೀನಿಯರ್‌ಗೆ ಹೇಳಿದೆ. "ಪಿಂಗ್ ಹೋಗ್ತೈತಲ್ಲ, ಲೈನ್ ಸರಿ ಐತೆ. ಅವರ ಮಿಷನ್ನೇ ಕೆಟ್ಟಿರ್ಬೇಕು ಬಿಡು" ಅಂದರು.

ಬಿಡಲು ಮನಸ್ಸಾಗಲಿಲ್ಲ. ಪಕ್ಕದ ಬೆಂಚಿನಲ್ಲಿ ಅಜ್ಜಿ ನರಳುತ್ತಿದ್ದರು. ಹೆಸರು ಚಿಕ್ಕದು, ಹೋಯಿತು. ಚಿತ್ರ ದೊಡ್ಡದು, ಹೋಗಲಿಲ್ಲ. ಲೈನ್ ಪರೀಕ್ಷಿಸಲು ಕಳಿಸುವ ಪುಟ್ಟ ಪಿಂಗನ್ನೇ ದೊಡ್ಡದು ಮಾಡಿ ಕಳಿಸಿದೆ. ಅದೂ ಹೋಗಲಿಲ್ಲ! ಆಗ ಹೊಳೆಯಿತು: ನಾನು ಹಾಕಿದ ಎರಡನೇ ಟ್ಯಾಗಿನಿಂದಾಗಿ, ಮೊದಲೇ ಭರ್ತಿಯಾಗಿದ್ದ ಪ್ಯಾಕೆಟ್ ನಾಲ್ಕು ಬೈಟ್ ಉದ್ದವಾಗಿದೆ, ನಡುವಿನ ಯಾವುದೋ ಸ್ವಿಚ್ ಅದನ್ನು ಎಸೆಯುತ್ತಿದೆ. ಕೂತಲ್ಲೇ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಸ್ವಿಚ್ ನೋಡುತ್ತಾ ಹೋದೆ. ತರೀಕೆರೆಯ ಹಳೆಯದೊಂದರಲ್ಲಿ ಪ್ಯಾಕೆಟ್ ಉದ್ದದ ಮಿತಿ ಕಡಿಮೆ ಇತ್ತು. ಏರಿಸಿದೆ.

"ಬಂತು ಬಂತು!" ಡಾಕ್ಟರಮ್ಮನ ದನಿ ಫೋನಿನಾಚೆಗೂ ಕೇಳಿಸಿತು. "ಮೂಳೆ ಮುರಿದಿಲ್ಲ, ಅಜ್ಜಿಗೆ ಹೇಳಿ."

ಹೇಳಿದೆ. ಅಜ್ಜಿ ನನ್ನ ಕೈ ಹಿಡಿದು, "ನೀನೂ ಡಾಕ್ಟ್ರೇನವ್ವಾ?" ಅಂದರು.

"ಅಲ್ಲ ಅಜ್ಜಿ, ನಿಮ್ಮ ಫೋಟೋನ ತರೀಕೆರೆಗೆ ಕಳಿಸಿದೋಳು."

"ಇಲ್ಲಿ ಕೂತ್ಕಂಡೇ?" ಅಜ್ಜಿ ನೋವಿನಲ್ಲೂ ನಕ್ಕರು.

ಕಾಲೇಜಿನಲ್ಲಿ ಬಂದ ಯಾವ ಬಹುಮಾನಕ್ಕೂ ನಾನು ಅಷ್ಟು ಬೀಗಿರಲಿಲ್ಲ. ಸಂಜೆ ಕಡೂರಿಗೆ ಬಂದಾಗ ಸೀನಿಯರ್ ಚಹಾ ತರಿಸಿ, ಏನು ಮಾಡಿದೆ ಅಂತ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಲಕ್ಕವಳ್ಳಿ ಲೈನ್ ಎಳೀತಿದೀವಲ್ಲ, ಅದನ್ನ ನೀನೇ ನೋಡ್ಕಳಮ್ಮ" ಅಂದರು.