ಹಗುರಾದ ಜೂಮ್ ಲೆನ್ಸಿಗಾಗಿ ಪಟ್ಟ ಪಾಡು

ಕೈ ನಡುಗುವವನು ಫೋಟೋ ತೆಗೆಯುವ ಹಟ ಹಿಡಿಯಬಾರದು. ನನಗೂ ಗೊತ್ತು. ಆದರೆ ಬಲಗೈ ಗಡಗಡ ಅನ್ನಲು ಶುರುವಾದಾಗ ನಾನು ದೂರಿದ್ದು ಕೈಯನ್ನಲ್ಲ, ಲೆನ್ಸನ್ನು. ನನ್ನ ರೀಲು ಕ್ಯಾಮೆರಾದ ಜೂಮ್ ಲೆನ್ಸು ರುಬ್ಬುಗುಂಡಿನಷ್ಟು ಭಾರ. ಎತ್ತಿ ಹಿಡಿದರೆ ಪೈಲವಾನನ ಕೈಯೂ ನಡುಗೀತು ಎಂದು ಸಮಾಧಾನ ಮಾಡಿಕೊಂಡೆ.

ಜೂಮೇ ಯಾಕೆ ಬೇಕು ಅನ್ನುತ್ತೀರಾ? ನನ್ನ ಹೆಂಡತಿ ಕಸ್ತೂರಿ ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಆಧಾರ್ ಕಾರ್ಡಿನ ಮುಖ ಮಾಡುತ್ತಾಳೆ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನಗುವ ಒಂದು ಪಟವೂ ನನ್ನಲ್ಲಿಲ್ಲ. ಅವಳು ಬಾಯಿತುಂಬ ನಗುವುದು ತವರಾದ ಕರಜಗಿಯಲ್ಲಿ, ತಮ್ಮ ಮಾಳಪ್ಪನ ಕುರಿಹಟ್ಟಿಯಲ್ಲಿ, ಮರಿಗಳು ಮೈಮೇಲೆ ಏರಿ ಬಂದಾಗ. ಅಲ್ಲಿಗೆ ಕ್ಯಾಮೆರಾ ಒಯ್ಯುವಂತಿಲ್ಲ. ಕುರಿ ಎಣಿಸಿದರೆ ಹಿಂಡು ಕರಗುತ್ತದೆಂಬುದು ಅವರ ಮನೆತನದ ನಂಬಿಕೆ.

"ನೀವು ಎಣಸೂದಿಲ್ಲ, ಖರೆ ದಾಜಿ," ಅಂದ ಮಾಳಪ್ಪ, ಅಕ್ಕನ ಗಂಡನೆಂಬ ಮರ್ಯಾದೆಯಿಂದಲೇ. "ಆದ್ರ ಫೋಟೋದಾಗಿನ ಕುರಿ ಓಡಿ ಹೋಗೂದಿಲ್ರಿ. ಯಾರರೆ ಕುಂತು ಎಣಿಸಿಬಿಡ್ತಾರ. ಬೇಲಿ ಹೊರಗ ನಿಂತು ಬರೇ ಅಕ್ಕನ ಮಾರಿ ತಗೀರಿ."

ಬೇಲಿಯಾಚೆ ಸ್ಟ್ಯಾಂಡು ನಿಲ್ಲಿಸಿದರೆ ಅವಳಿಗೆ ಕಾಣುತ್ತದೆ, ಆಧಾರ್ ಮುಖ ಹಾಜರ್. ಹಾಗಾಗಿ ಕೈಯಲ್ಲೇ ಹಿಡಿಯಬಹುದಾದ ಹಗುರ ಲೆನ್ಸಿಗಾಗಿ ಸಾಂಗಲಿ, ಮಿರಜ, ವಿಜಯಪುರ ಅಲೆದೆ. ಬದನೆಕಾಯಿ ಆರಿಸುವವನಂತೆ ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿದೆ. ಹಳೆಯ ಕಾಲದವರಿಗೆ ಭಾರವೇ ಬಾಳಿಕೆ; ತಾಮ್ರದ ಕೊಡ ಮಾಡಿದ ಮನಸ್ಸೇ ಲೆನ್ಸನ್ನೂ ಮಾಡಿರಬೇಕು. ಮಿರಜದ ಅಂಗಡಿಯವನು ಬೇಸತ್ತು, "ಸರ, ಹಗುರ ಬೇಕಂದ್ರ ಮೊಬೈಲ್ ತಗೋರಿ, ಯಾಕ ಜೀವಾ ತಿಂತೀರಿ?" ಅಂದ. ಕಡೆಗೆ ವಿಜಯಪುರದಲ್ಲಿ, ಬಾಗಿಲು ಮುಚ್ಚಲಿದ್ದ ಸ್ಟುಡಿಯೋದ ಕಪಾಟಿನಲ್ಲಿ ಸಿಕ್ಕಿತು. ನನಗಿಂತ ಸ್ವಲ್ಪ ಚಿಕ್ಕ ವಯಸ್ಸಿನದು, ಎರಡು ಉಳ್ಳಾಗಡ್ಡಿಯ ತೂಕ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಮ್ಮೂರು ಜತ್ತದವರೆಗೂ ಈ ಮುದುಕ ಒಬ್ಬನೇ ನಗುತ್ತ ಬಂದೆ.

ಕರಜಗಿಯ ಬೇಲಿಯ ಹೊರಗೆ ಅವಳಿಗೆ ಕಾಣದಂತೆ ನಿಂತೆ. ಕಸ್ತೂರಿ ನಕ್ಕಳು. ಇಡೀ ರೀಲು ಮುಗಿಸಿದೆ. ತೊಳೆಸಿದ ಪಟಗಳು ಬಂದಾಗ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ. ಒಂದರಲ್ಲೂ ಅವಳ ಮುಖವಿಲ್ಲ, ಹಲಗೆಯ ಮೇಲೆ ಒರೆಸಿದ ಸೀಮೆಸುಣ್ಣದಂಥ ಬಿಳಿ ಕಲೆ. ಇನ್ನು ದೂರಲು ಲೆನ್ಸೂ ಇಲ್ಲ. ನಡುಗುತ್ತಿದ್ದುದು ನಾನೇ. ಔಷಧಿ ಕೊಡುವ ಡಾಕ್ಟರು ಇದನ್ನು ಮೊದಲೇ ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಈ ಕೈ ಇನ್ನು ಸರಿಹೋಗುವುದಿಲ್ಲ, ಅವಳ ನಗು ನನಗೆ ದಕ್ಕುವುದಿಲ್ಲ ಎಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಮೂರನೆಯ ದಿನ ಅವಳೇ ಕ್ಯಾಮೆರಾ ತಂದು ಕೈಗಿಟ್ಟಳು. "ಅಷ್ಟಕ್ಕ ಯಾಕ ಸಪ್ಪಗ ಕುಂತೀರಿ? ನನ್ನ ಹೆಗಲ ಮ್ಯಾಲ ಇಟ್ಟು ತಗೀರಿ. ನಾ ಅಳ್ಳಾಡದಂಗ ನಿಲ್ತೀನಿ."

ಇಟ್ಟೆ. ಕೈ ನಿಂತಿತು. ಅಂಗಳದಾಚೆಯ ಬೇವಿನ ಮರ, ಅದರ ಒಂದೊಂದು ಎಲೆ, ದೂರದ ಬಯಲು, ಎಲ್ಲ ಗಾಜಿನಲ್ಲಿ ನಿಚ್ಚಳ. "ಬಂತಿಲ್ರಿ?" ಎನ್ನುತ್ತ ಅವಳು ನನ್ನ ಕಿವಿಯ ಪಕ್ಕದಲ್ಲೇ ಬಾಯಿತುಂಬ ನಗುತ್ತಿದ್ದಳು. ಬಂತು ಅಂದೆ. ಎಲ್ಲ ಬಂದಿತ್ತು, ಅವಳೊಬ್ಬಳನ್ನು ಬಿಟ್ಟು.