ಇಲ್ಲವೆನ್ನದ ಊರಿನ ಪಾದ್ರಿ
ಒಂದೇ ವರ್ಷದಲ್ಲಿ ಇಡೀ ಕುಂಭಾರಿಯನ್ನು ಪ್ರಾರ್ಥನೆಗೆ ಕೂರಿಸುತ್ತೇನೆಂದು ಜಂಬ ಕೊಚ್ಚುತ್ತ ಬ್ರೆಜಿಲಿನಿಂದ ಬಂದಿಳಿದ ಮಾರ್ಸೆಲೊ ಪಾದ್ರಿಗೆ, ಮನೆಗೆ ಬಂದವರಿಗೆ ‘ಇಲ್ಲ’ ಎನ್ನುವುದು ಈ ಊರಿನ ಬಾಯಿಗೆ ಬಾರದೆಂದು ಯಾರೂ ಹೇಳಿರಲಿಲ್ಲ. ಹೋದಲ್ಲೆಲ್ಲ ‘ಐತಾರ ಬರ್ತೀವ್ರಿ, ಮೊದಲ ಚಾ ಕುಡೀರಿ’ ಎಂದರು. ಅವನು ಕುಡಿದ ಚಹಾದಲ್ಲಿ ಪಕ್ಕದ ಹೋಟಗಿಯ ರೈಲು ಸ್ಟೇಷನ್ನೇ ಮುಳುಗೀತು. ಭಾನುವಾರ ಬಂದದ್ದು ಕುರಿಗಾಹಿ ಅಮೋಗಸಿದ್ಧನ ಕುರಿಯೊಂದೇ, ಅದೂ ಹುಲ್ಲುಚಾಪೆ ಮೇಯಲು. ಆದರೂ ಪ್ರತಿ ವಾರ ಗಡ್ಡ ಬೋಳಿಸಿಕೊಂಡು, ಚಾಪೆ ಹಾಸಿ, ಬಾಗಿಲಲ್ಲಿ ನಿಂತು ಕಾಯುವನು. ಮೊನ್ನೆ ಬ್ರೆಜಿಲಿನಲ್ಲಿ ಅವನ ತಾಯಿ ತೀರಿಕೊಂಡ ಸುದ್ದಿ ಬಂತು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ಊರಿಗೂರೇ ಕರೆಯದೆ ರೊಟ್ಟಿ ಕಟ್ಟಿಕೊಂಡು ಬಂದು ಅಂಗಳ ತುಂಬ ಕೂತಿತು. ‘ಎಲ್ಲಾರೂ ಬಂದೀವಿ, ಈಗರೆ ನಿಮ್ಮ ಉಪದೇಶ ಹೇಳ್ರಿ’ ಎಂದ ಅಮೋಗಸಿದ್ಧ. ರೊಟ್ಟಿ ಅಗಿಯುತ್ತಿದ್ದ ಪಾದ್ರಿ ಕಣ್ಣೊರೆಸಿಕೊಂಡ: ‘ಬಾಯಾಗ ನಿಮ್ಮ ರೊಟ್ಟಿ ಐತಿ ಮಾಮಾ, ಹ್ಯಾಂಗ ಹೇಳ್ಲಿ?’