ಕ್ಯೂಬ್ ಟೆಸ್ಟ್ ‘ಆಯ್ತು’

೨೦೦೬ರಲ್ಲಿ ನಾನು ವಿಶಾಖಪಟ್ಟಣದ ಒಂದು ಕಟ್ಟಡ ಕಂಪನಿಯಲ್ಲಿ ಪ್ಲಾನಿಂಗ್ ಇಂಜಿನಿಯರ್. ಆಸ್ಪತ್ರೆ ಕಟ್ಟುತ್ತಿದ್ದುದು ವಿಜಯವಾಡದ ಭವಾನಿಪುರಂನಲ್ಲಿ. ನಾನು ಕುಳಿತದ್ದು ಮುನ್ನೂರೈವತ್ತು ಕಿಲೋಮೀಟರ್ ದೂರದ ಕಂಪ್ಯೂಟರಿನ ಮುಂದೆ. ದಿನವೂ ಸಂಜೆ ಫೋನಿನಲ್ಲಿ ಸೈಟಿನ ಪ್ರಗತಿ ಕೇಳಿ ತುಂಬಿಸಿದರೆ ಮುಗಿದ ಕೆಲಸದ ಸಾಲು ಹಸಿರಾಗುತ್ತಿತ್ತು. ಮುಂದಿನ ಕೆಲಸದ ಆದೇಶ ಬೆಳಿಗ್ಗೆ ಸೈಟಿನ ಪ್ರಿಂಟರಿನಲ್ಲಿ ತಾನಾಗಿ ಹೊರಬರುತ್ತಿತ್ತು. ಅಂದಾಜಿನ ಕಾಲ ಮುಗಿಯಿತು, ಇನ್ನು ಡೇಟಾದ ಕಾಲ ಎಂದು ಮೀಟಿಂಗುಗಳಲ್ಲಿ ಭಾಷಣ ಬೇರೆ ಬಿಗಿಯುತ್ತಿದ್ದೆ.

ನಾನು ಹುಟ್ಟಾ ಪುಕ್ಕಲ. ನನ್ನ ತೆಲುಗಿನ ಮೇಲೆ ನನಗೇ ನಂಬಿಕೆಯಿಲ್ಲದೆ, ತೆಲುಗು ಸೂಪರ್‌ವೈಸರುಗಳಿಗೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿ ಪ್ರಾಣ ಹಿಂಡುತ್ತಿದ್ದೆ. ರಾಯಚೂರಿನ ಸೂಪರ್‌ವೈಸರ್ ಬಸಣ್ಣನನ್ನು ಮಾತ್ರ ಒಂದೇ ಸಲ ಕೇಳುತ್ತಿದ್ದೆ. ಕನ್ನಡ ತಾನೆ!

ಆ ಸಂಜೆಯೂ ಹಾಗೆಯೇ ಕೇಳಿದೆ: “ಬಸಣ್ಣ, ಪೋರ್ಟಿಕೋ ಸ್ಲ್ಯಾಬಿನ ಕ್ಯೂಬ್ ಟೆಸ್ಟ್?”

“ಆಯ್ತ್ರೀ ಸರ.”

ಸ್ಲ್ಯಾಬಿಗೆ ಹಾಕಿದ ಕಾಂಕ್ರೀಟಿನಿಂದಲೇ ಘನಾಕಾರದ ತುಂಡುಗಳನ್ನು ಎರಕಹೊಯ್ದು, ಲ್ಯಾಬಿನ ಯಂತ್ರದಲ್ಲಿ ಒಡೆದು ಬಲ ಅಳೆಯುವುದೇ ಕ್ಯೂಬ್ ಟೆಸ್ಟ್. ಸಾಕಷ್ಟು ಬಲ ಬಂದ ಮೇಲಷ್ಟೇ ಸ್ಲ್ಯಾಬಿನ ಕೆಳಗಿನ ಆಸರೆ ಕಂಬಗಳನ್ನು ತೆಗೆಯಬೇಕು. ನಾನು ರೂಪಿಸಿದ ನಮೂನೆಯಲ್ಲಿ ಬಲ ಎಷ್ಟೆಂದು ಬರೆಯಲು ಜಾಗವೇ ಇರಲಿಲ್ಲ. ಆಗಿದೆ, ಆಗಿಲ್ಲ, ಎರಡೇ. ಹಸಿರು ಮಾಡಿದೆ.

ಮರುದಿನ ಹತ್ತು ಗಂಟೆಗೆ ಸೈಟಿನಿಂದ ಫೋನ್ ಬಂತು. ಮರಗೆಲಸದ ಮೇಸ್ತ್ರಿ ಅಪ್ಪಲರಾಜು ಆದೇಶ ನೋಡಿ ಆಸರೆ ಬಿಚ್ಚಿಸತೊಡಗಿದ್ದರು. ಐದಾರು ಕಂಬ ತೆಗೆಯುವಷ್ಟರಲ್ಲಿ ಸ್ಲ್ಯಾಬು ಕಿರುಗುಟ್ಟಿತು. ಕೂಗಿ ತಮ್ಮವರನ್ನೆಲ್ಲ ಹೊರಗೆ ಅಟ್ಟಿ ಕೊನೆಗೆ ತಾವು ಬರುವಾಗ ಅದರ ಅಂಚು ಮುರಿದು ಬಲಗಾಲಿನ ಮೇಲೆ ಬಿತ್ತು. ಬಸಣ್ಣ ಸೈಟಿನಲ್ಲಿರಲಿಲ್ಲ. ಅದೇ ಸ್ಲ್ಯಾಬಿನ ಕ್ಯೂಬುಗಳನ್ನು ಆಟೋದಲ್ಲಿ ಹೇರಿಕೊಂಡು ಲ್ಯಾಬಿಗೆ ಹೋಗಿದ್ದ.

ಸಂಜೆಗೆ ವಿಜಯವಾಡ ತಲುಪಿದೆ. ಅಪ್ಪಲರಾಜು ಅವರನ್ನು ಸೇರಿಸಿದ್ದ ಆಸ್ಪತ್ರೆಯ ವರಾಂಡದಲ್ಲಿ ಸಿಕ್ಕ ಬಸಣ್ಣ ಅಳುತ್ತಿದ್ದ. “ಟೆಸ್ಟ್ ಮಾಡ್ಸು ಅಂದ್ರಿ ಅನ್ಕೊಂಡ್ನಿರೀ ಸರ. ಆಯ್ತು, ಮಾಡಿಸ್ತೀನಿ ಅಂತ ಅಂದಿದ್ದು ನಾ.”

ತೆಲುಗಿನವರು ಮುಗಿದಿದ್ದರೆ ‘ಅಯಿಂದಿ’ ಎನ್ನುತ್ತಾರೆ, ಒಪ್ಪಿದರೆ ‘ಸರೇ’ ಎನ್ನುತ್ತಾರೆ. ಎರಡನ್ನೂ ‘ಆಯ್ತು’ ಎಂಬ ಒಂದೇ ಮಾತಿನಲ್ಲಿ ಪೂರೈಸುವವರು ನಾವು, ಕನ್ನಡದವರು.

ಅಪ್ಪಲರಾಜು ಅವರ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ನಾಲ್ಕು ದಿನಗಳ ನಂತರ, ತಪ್ಪು ನನ್ನದೆಂದು ಅವರ ಮಂಚದ ಬಳಿ ನಿಂತು ಹೇಳಿದೆ. ಅವರು ಸಿಟ್ಟಾಗಲಿಲ್ಲ.

“ನೇನು ಕಿಂದ ಉನ್ನಾನನಿ ಮೀಕು ತೆಲುಸಾ ಸಾರ್?” ಎಂದರು. ನಾನು ಕೆಳಗಿದ್ದೇನೆಂದು ನಿಮಗೆ ಗೊತ್ತಿತ್ತೇ ಎಂದು.

ಗೊತ್ತಿರಲಿಲ್ಲ. ಅವರ ಹೆಸರು ನನಗೆ ಗೊತ್ತಾದದ್ದೇ ಆ ಫೋನಿನಲ್ಲಿ.

ಹಿಂದಿರುಗಿ ನಮೂನೆ ಬದಲಿಸಿದೆ. ಕ್ಯೂಬಿನ ಬಲದ ಅಂಕಿ, ಲ್ಯಾಬಿನವರ ಸಹಿ, ಕೊನೆಗೊಂದು ಹೊಸ ಕಾಲಂ: ಕೆಳಗೆ ನಿಂತು ಕೆಲಸ ಮಾಡುವವರ ಹೆಸರುಗಳು.

ಮ್ಯಾನೇಜರ್ ಕನ್ನಡಕ ಸರಿಸಿ ನೋಡಿದರು. “ಇದ್ಯಾಕಯ್ಯಾ? ಯಾವ ಅನಾಲಿಸಿಸ್‌ಗೆ ಬರುತ್ತೆ?”

“ಯಾವುದಕ್ಕೂ ಇಲ್ಲ ಸಾರ್. ಹಸಿರು ಒತ್ತುವವನು ಓದಲಿ ಅಂತ.”

ಅವರು ಸಹಿ ಹಾಕಿದರು. ಅಂದಿನಿಂದ ಆ ಹೆಸರುಗಳನ್ನು ಗಟ್ಟಿಯಾಗಿ ಓದದೆ ನಾನು ಒಂದು ಸಾಲನ್ನೂ ಹಸಿರು ಮಾಡಿಲ್ಲ. ಸಾರ್ ಹಾಜರಿ ಕೂಗುತ್ತಾರೆ ಎಂದು ಆಫೀಸಿನ ಹುಡುಗರು ನಗುತ್ತಾರೆ, ನಗಲಿ. ಎಷ್ಟೇ ಅವಸರವಿದ್ದರೂ ಒಬ್ಬ ಮನುಷ್ಯನ ಹೆಸರು ಓದುವಷ್ಟು ಹೊತ್ತು ಯಾವ ಕೆಲಸವೂ ಕಾಯಬಲ್ಲದು.